ನೆಲ ಬಿಡದವನ ಕಾಗದಗಳು

ಉರಿಗಾಂ,
11-2-1945, ಭಾನುವಾರ

ಚಿರಂಜೀವಿ ಆದಿನಾರಾಯಣನಿಗೆ,

ನೂರು ಕಾಲ ಬಾಳು ಅಂತ ಹರಸಿ ನಿನ್ನಪ್ಪ ಕೋದಂಡಪ್ಪ ಬರೆಯೋದು. ಮೊದಲು ಮೈ ಹೇಗಿದೆ, ಅದನ್ನ ಹೇಳು. ‘ನಾನು ಕ್ಷೇಮ’ ಅಂತ ಹತ್ತೊಂಬತ್ತು ಕಾಗದದಲ್ಲಿ ಹತ್ತೊಂಬತ್ತು ಸಲ ಬರೆದಿದ್ದೀಯ. ಎರಡು ವರ್ಷದಲ್ಲಿ ನಿನಗೆ ಒಂದು ಶೀತ ಇಲ್ಲ, ಒಂದು ಭೇದಿ ಇಲ್ಲ, ಕಾಲಿಗೆ ಒಂದು ಮುಳ್ಳು ಚುಚ್ಚಿಲ್ಲ. ಅಲ್ಲಯ್ಯಾ, ಇಲ್ಲಿದ್ದಾಗ ವಾರಕ್ಕೊಂದು ಸಲ ಮೂಗು ಸೋರಿಸಿಕೊಂಡು ಅಮ್ಮನ ಕೈಲಿ ಮೆಣಸಿನ ಕಷಾಯ ಕಾಯಿಸಿಕೊಂಡು ಕುಡೀತಿದ್ದವನು, ಆ ಜೌಗು ಕಾಡಿನ ಸೀಮೆಗೆ ಹೋದ ಮೇಲೆ ಕಬ್ಬಿಣದ ಮನುಷ್ಯ ಆಗಿಬಿಟ್ಯಾ? ಒಂದು ಕಾಗದದಲ್ಲಾದರೂ ಚಳಿಜ್ವರ ಬಂದಿತ್ತು, ಈಗ ವಾಸಿ ಅಂತ ಬರೆದಿದ್ದರೆ ಮಿಕ್ಕಿದ್ದನ್ನೂ ನಂಬುತ್ತಿದ್ದೆ. ಇಲ್ಲಿ ನಿನ್ನಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಒಂದು ಬಿಟ್ಟು. ನಾನು ಗಣಿ ಬಿಟ್ಟು ಮೂರು ವರ್ಷ ಆಯ್ತು, ಕೆಮ್ಮು ಮಾತ್ರ ನನ್ನ ಬಿಟ್ಟಿಲ್ಲ. ಕೆಂದ ಹಸು ಹೆಣ್ಣುಕರು ಹಾಕಿದೆ. ಊರ ಹೊಲದ ರಾಗಿ ಕಣ ಮುಗಿದು ಮನೆಗೆ ಬಂತು. ರೇಷನ್ ಅಕ್ಕಿಯಲ್ಲಿ ಅಕ್ಕಿಗಿಂತ ಕಲ್ಲು ಜಾಸ್ತಿ. ಕೋದಂಡ, ನಿನ್ನ ಮಗ ಆಕಾಶದಿಂದ ಸುರಿಸೋ ಅಕ್ಕೀಲಿ ಒಂದು ಮೂಟೆ ನಮ್ಮ ಲೈನಿನ ಮನೆಗಳ ಮೇಲೂ ಉದುರಿಸಬಾರದಾ ಅಂತ ಪಕ್ಕದ ಲೈನಿನ ಆರುಮುಗಂ ದಿನಾ ನಗೆಯಾಡ್ತಾನೆ. ನನಗೆ ಆ ನಗೆ ಹಿಡಿಸಲ್ಲ, ಯಾಕೆ ಅಂತ ಮುಂದೆ ಬರೀತೀನಿ.

ಈಗ ವಿಷಯಕ್ಕೆ ಬರ್ತೀನಿ. ಬೇತಮಂಗಲದ ಚಿಕ್ಕವೆಂಕಟಪ್ಪ ತನ್ನ ಎರಡನೇ ಮಗಳು ಮುನಿರತ್ನಮ್ಮನ್ನ ನಿನಗೆ ಕೊಡ್ತೀನಿ ಅಂತ ಸಂಕ್ರಾಂತಿ ಕಳೆದ ಮಾರನೇ ದಿನ ಮನೆಗೆ ಬಂದು ಹೇಳಿದ. ಹುಡುಗೀನ ನೀನೂ ನೋಡಿದ್ದೀಯ, ಕೆರೆ ಏರಿ ಮೇಲೆ ಹಸು ಹೊಡ್ಕೊಂಡು ಹೋಗೋವಾಗ ದಾರಿ ಬಿಡದೆ ನಿನ್ನ ಸೈಕಲ್ಲನ್ನ ಚರಂಡಿಗಿಳಿಸಿದವಳೇ. ಓದು ಬರಹ ಬಲ್ಲಳು. ನಮಗೆಲ್ಲ ಒಪ್ಪಿಗೆ. ಆದರೆ ಚಿಕ್ಕವೆಂಕಟಪ್ಪನದು ಒಂದು ಹಟ. ಅವನ ಹಿರಿಯಳಿಯ ಸೈನ್ಯದಲ್ಲಿದ್ದು ಸಿಂಗಾಪುರದಲ್ಲಿ ಜಪಾನಿನವರ ಕೈಗೆ ಸಿಕ್ಕಿಬಿದ್ದವನು, ಮೂರು ವರ್ಷವಾದರೂ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಹಿರೀ ಮಗಳು ಕುಂಕುಮ ಇಡಬೇಕೋ ಬೇಡವೋ ತಿಳೀದೆ ಅಪ್ಪನ ಮನೇಲಿ ಕೂತಿದ್ದಾಳೆ. ಅದಕ್ಕೇ ಅವನು ಹೇಳೋದು: ತಾಂಬೂಲ ಬದಲಾಯಿಸೋ ದಿನ ಹತ್ತು ಜನರ ಮುಂದೆ ನೀನು ಎಲೆ ಅಡಿಕೆ ಕೈಲಿ ಹಿಡಿದು, ನನ್ನ ಮಗ ನೆಲದ ಮೇಲೆ ಕೆಲಸ ಮಾಡೋನು, ವಿಮಾನ ಹತ್ತೋನಲ್ಲ ಅಂತ ಮಾತು ಕೊಡು ಕೋದಂಡಪ್ಪ, ಅಷ್ಟು ಸಾಕು, ನನಗೆ ಬೇರೆ ಏನೂ ಬೇಡ. ಮಾರ್ಚಿ ಹದಿನಾರು ಶುಕ್ರವಾರ ತಾಂಬೂಲ. ಎಲೆ ಹಿಡಿದು ಕೊಟ್ಟ ಮಾತು ನಮ್ಮಲ್ಲಿ ಏನು ಅಂತ ನಿನಗೆ ಹೇಳಿಕೊಡಬೇಕಾಗಿಲ್ಲ. ಅದು ಸುಳ್ಳಾದರೆ ಅವರ ಮನೆ ಬಾಗಿಲಲ್ಲಿ ನನ್ನ ಮುಖಕ್ಕೆ ನೀರು ಚೆಲ್ಲಿದರೂ ನಾನು ಒರೆಸಿಕೊಂಡು ಬರಬೇಕು. ಆ ಮಾತನ್ನ ನಾನು ಆಡಬಹುದಾ? ಅದನ್ನ ಕೇಳೋಕೇ ಈ ಕಾಗದ.

ನೀನು ಸೈನ್ಯ ಸೇರಿ ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿನ್ನಮ್ಮ ನಿನ್ನ ಕೈ ಹಿಡ್ಕೊಂಡು, ನೆಲ ಬಿಡಲ್ಲ ಅಂತ ಯೋಳು ಅಂದಳು, ರೈಲು ಸೀಟಿ ಹಾಕಿದರೂ ಕೈ ಬಿಡಲಿಲ್ಲ. ನೀನು ನಗ್ತಾ, ಇಲ್ಲಮ್ಮ, ಮೂಟೆ ಹೊಲಿಯೋನು ನಾನು, ಮೇಲೆ ಹೋಗೋರೇ ಬೇರೆ, ಅಂದೆ. ಆ ನಗು ನನಗೆ ಆವತ್ತೇ ಹಿಡಿಸಲಿಲ್ಲ.

ನಿಮ್ಮ ಸಾಹೇಬರು ನಿನ್ನ ಕೈಬರಹ ಮೆಚ್ಚಿ, ವಿಮಾನದಿಂದ ಸರಬರಾಜು ಮಾಡೋ ನಿಮ್ಮ ದಳದ ಚರಿತ್ರೆ ಬರೆದಿಡು ಅಂದಿದ್ದಾರೆ ಅಂತ ಹೆಮ್ಮೆಯಿಂದ ಬರೆದು, ಅದರ ಕನ್ನಡದ ನಕಲು ನಾಲ್ಕು ಹಾಳೆ ನಮಗೂ ಕಳಿಸಿದ್ದೀಯ. ಸೆನ್ಸಾರಿನವರ ಕತ್ತರಿ ಬಿದ್ದು ಅದು ಜರಡಿ ಆಗಿದೆ. ನಿನ್ನಮ್ಮ ಒಂದೊಂದು ತೂತಿಗೂ ಬೆರಳು ತೂರಿಸಿ, ಇಲ್ಲೇನಿತ್ತು, ಇಲ್ಲೇನಿತ್ತು ಅಂತ ಕೇಳ್ತಾಳೆ. (ಈ ಕಾಗದ ಬಿಚ್ಚಿ ಓದ್ತಿರೋ ಸೆನ್ಸಾರ್ ಸ್ವಾಮಿಗಳೇ, ತಮಗೂ ನಮಸ್ಕಾರ. ತಾವೂ ಒಬ್ಬ ಅಪ್ಪನ ಮಗನೇ ಆಗಿರ್ತೀರಿ, ಇದನ್ನ ಕತ್ತರಿಸದೆ ಮುಂದಕ್ಕೆ ಬಿಡಿ.) ಆದರೆ ಆದಿ, ನಿಮ್ಮ ದಳದ ಚರಿತ್ರೆ ನಿಮ್ಮ ಸಾಹೇಬರಿಗಿಂತ ನನಗೆ ಚೆನ್ನಾಗಿ ಗೊತ್ತು. ನಿನ್ನ ಹತ್ತೊಂಬತ್ತು ಕಾಗದವೂ ತಾರೀಖಿನ ಪ್ರಕಾರ ಟ್ರಂಕಿನಲ್ಲಿವೆ. ಗಣಿಯೊಳಗೆ ಮರದ ಆಸರೆ ಕಟ್ಟೋ ಮೇಸ್ತ್ರಿ ಆಗಿದ್ದವನು ನಾನು. ಎಲ್ಲಿ ಬಂಡೆ ಸದ್ದು ಮಾಡಲ್ವೋ ಅಲ್ಲೇ ಜಾಸ್ತಿ ಕಿವಿ ಇಟ್ಟು ಕೇಳೋ ಅಭ್ಯಾಸ.

ಮೊದಲು ನಲವತ್ತಮೂರರ ಆಷಾಢದಲ್ಲಿ ಬಂದ ಕಾಗದ. ಉತ್ತರದಲ್ಲಿ ಎಲ್ಲೋ ಬೇವಿನ ಮರದ ಕೆಳಗೆ ನೀವು ಒಂದು ಹಿಡಿ ಜನ, ನಿಮ್ಮ ಹತ್ತಿರ ಒಂದು ವಿಮಾನವೂ ಇಲ್ಲ. ಎತ್ತರದ ಅಟ್ಟಣೆ ಕಟ್ಟಿ ಅಲ್ಲಿಂದ ಅಕ್ಕಿ ಮೂಟೆ ಕೆಳಕ್ಕೆ ಬಿಸಾಕಿ, ಒಡೆಯುತ್ತಾ ಇಲ್ವಾ ಅಂತ ನೋಡೋದೇ ಕೆಲಸ. ತುಂಬಾ ತುಂಬಿದ್ದು ಒಡೆದು ಚೆಲ್ಲಾಪಿಲ್ಲಿ. ಆಮೇಲೆ ಮೂಟೆಯನ್ನ ಪೂರ್ತಿ ತುಂಬದೆ ಸಡಿಲ ಬಿಟ್ಟು, ಅದರ ಮೇಲೆ ಇನ್ನೊಂದು ದೊಡ್ಡ ಗೋಣಿ ಹಾಕಿ ಹೊಲಿದರೆ, ಒಳಗಿನದು ಒಡೆದರೂ ಹೊರಗಿನದು ಹಿಡಿದುಕೊಳ್ಳುತ್ತೆ ಅಂತ ಕಂಡುಹಿಡಿದಿರಿ. ಓದಿ ನನಗೆ ಖುಷಿಯಾಯ್ತು ಕಣೋ. ಆ ಕಾಗದದಲ್ಲಿ ನೀನು ಬರೆದಿದ್ದ ಒಂದೊಂದು ಅಕ್ಷರಾನೂ ನಾನು ನಂಬ್ತೀನಿ. ದಬ್ಬಣ ಚುಚ್ಚಿಕೊಂಡ ಬೆರಳಿನ ವಿಷಯ ಇದೆ, ಅಡುಗೆಯವನ ಬೈಗುಳ ಇದೆ, ಹಾಡು ಹೇಳೋ ತುಮಕೂರಿನ ಹುಡುಗ ಇದ್ದಾನೆ, ದಪ್ಪ ಮೀಸೆಯ ಅನಂತಪುರದವನಿದ್ದಾನೆ, ನಮ್ಮ ಆರುಮುಗಂ ಮಗ ಕುಪ್ಪುಸ್ವಾಮಿ ಅಂತೂ ನಿನ್ನ ಜೊತೆಗೇ ಸೇರಿದವನು, ಅವನೂ ಇದ್ದಾನೆ. ನಿಜ ಬರೆಯೋನ ಕಾಗದ ಹಾಗಿರುತ್ತೆ.

ಆಮೇಲೆ ನಿಮ್ಮನ್ನ ಪೂರ್ವದ ಕಡೆ ಸಾಗಿಸಿದರು. ಬಿದಿರು ಗುಡಿಸಲು, ಕೆಸರು, ವಾರಕ್ಕೊಂದು ವಿಮಾನ. ರೇಷ್ಮೆ ಸಾಲದೆ ಮೂಟೆ ಇಳಿಸೋ ಪ್ಯಾರಾಚೂಟ್ ಕೊಡೆಯನ್ನ ಸೆಣಬಿನಲ್ಲೇ ಹೊಲಿಸಿದರು ಅಂತ ಬರೆದೆ, ಅದಂತೂ ಇಲ್ಲಿ ಲೈನಿಗೆಲ್ಲ ಓದಿ ಹೇಳಿದ್ದೀನಿ. ಹೋದ ವರ್ಷ ಮಾಘದಲ್ಲಿ ನಮ್ಮ ಸೈನ್ಯಾನ ಜಪಾನಿನವರು ಸುತ್ತುಗಟ್ಟಿದರು, ಹಿಂದಕ್ಕೆ ಬರದೆ ಅಲ್ಲೇ ಕೂತರು, ನೀವು ಮೇಲಿಂದ ಊಟ ಹಾಕಿದಿರಿ. ಅದು ಮುಗೀತು ಅನ್ನೋ ಅಷ್ಟರಲ್ಲಿ ಇನ್ನೊಂದು ದೊಡ್ಡ ಸುತ್ತು, ಚೈತ್ರದಿಂದ ಆಷಾಢದವರೆಗೆ. ದಿನಕ್ಕೆ ಇಷ್ಟು ವಿಮಾನ ಅಂತ ಲೆಕ್ಕ ಇರೋ ಜಾಗದಲ್ಲೆಲ್ಲ ತೂತು. ಉಪ್ಪು, ಹಿಟ್ಟು, ಔಷಧಿ, ಈರುಳ್ಳಿ, ಕೊಡೆ ಕಟ್ಟಿದ ಮೇಕೆ, ಹೋಗೋವಾಗ ಮೂಟೆ, ಬರೋವಾಗ ಗಾಯದವರು. ಮೇಕೆ ಇಳಿದು ಮೈ ಕೊಡವಿಕೊಂಡು ಹುಲ್ಲು ಮೇಯೋಕೆ ಶುರು ಮಾಡ್ತು ಅಂತ ಬರೆದಿದ್ದು ಓದಿ ನಿನ್ನಮ್ಮ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ನಾನು ನಗಲಿಲ್ಲ. ಮೇಕೆ ನೆಲಕ್ಕಿಳಿದದ್ದು ಶತ್ರು ಸುತ್ತುಗಟ್ಟಿದ ಜಾಗದಲ್ಲಿ. ಮುನ್ನೂರು ಮೈಲಿ ಈಚೆ ಬಿದಿರು ಗುಡಿಸಲಲ್ಲಿ ಕೂತು ಮೂಟೆ ಹೊಲಿಯೋನಿಗೆ, ಅದು ಮೈ ಕೊಡವಿದ್ದು ಯಾವ ಕಣ್ಣಿಗೆ ಕಂಡಿತು?

ಅಲ್ಲಿಂದ ನನಗೆ ಅನುಮಾನ ಹಿಡೀತು. ಹಿಂದಿನ ಕಾಗದಗಳನ್ನೆಲ್ಲ ಮತ್ತೆ ತೆಗೆದೆ. ಆ ಊರಲ್ಲಿ ಸೆಕೆಗೆ ಅಂಗಿ ಮೈಗಂಟುತ್ತೆ ಅಂತೀಯ, ಅದೇ ಕಾಗದದ ಕೊನೇಲಿ ಅಮ್ಮನ ಹಳೇ ಕಂಬಳಿ ಕಳಿಸಿ ಅಂತೀಯ. ಯಾರಿಗೋ ಸ್ನೇಹಿತನಿಗೆ ಅಂತೆ. ಮೋಡವನ್ನ ಮೇಲಿಂದ ನೋಡಿದರೆ ಬೆಳ್ಳಗೆ ಹಿಂಜಿದ ಅರಳೆ ಥರ ಇರುತ್ತಂತೆ ಅಂತ ಬರೆದೆ. ‘ಇರುತ್ತೆ’ ಅಂತ ಬರೆದು, ಆಮೇಲೆ ‘ಅಂತೆ’ ಸೇರಿಸಿದ್ದೀಯ, ಶಾಯಿ ಬೇರೆ ಇದೆ, ನನಗೆ ಕಣ್ಣು ಕಾಣುತ್ತೆ. ಇನ್ನು ಬೂಟು. ಒಂದು ವರ್ಷದಲ್ಲಿ ಮೂರು ಸಲ ಹಿಮ್ಮಡಿ ಸವೆದು ಹೊಸ ಬೂಟು ಕೇಳಿದೆ ಅಂತ ಬರೆದಿದ್ದೀಯ. ಮೂಟೆ ಹೊಲಿಯೋನಿಗೆ ಅಂಗೈ ಸವೀಬೇಕು. ಹಿಮ್ಮಡಿ ಯಾಕಪ್ಪಾ ಸವೆಯುತ್ತೆ? ವಿಮಾನದ ಬಾಗಿಲಲ್ಲಿ ಅಂಗಾತ ಮಲಗಿ ಎರಡು ಕಾಲಲ್ಲಿ ಮೂಟೆ ಒದ್ದು ಕೆಡವುತ್ತಾರೆ ಅಂತ ನೀನೇ ಇನ್ನೊಂದು ಕಾಗದದಲ್ಲಿ ಬೇರೆಯವರ ಮಾತಾಗಿ ಬರೆದಿದ್ದೀಯ. ಆ ಬೇರೆಯವರು ಯಾರು? ನಿನ್ನ ನಾಲ್ಕು ಹಾಳೆ ಚರಿತ್ರೆಯಲ್ಲಿ ಇಂಥ ಕಡೆ ಇಷ್ಟು ಹಾಕಿದೆವು, ಅಂಥ ಕಡೆ ಅಷ್ಟು ಹಾಕಿದೆವು ಅಂತ ಇದೆ, ಹಾಕಿದವರ ಹೆಸರು ಒಂದೂ ಇಲ್ಲ. ಮೊದಲ ಕಾಗದದಲ್ಲಿದ್ದ ತುಮಕೂರಿನ ಹುಡುಗ ಆಷಾಢ ಆದ ಮೇಲೆ ಎಲ್ಲೂ ಹಾಡಲಿಲ್ಲ. ಮೀಸೆಯವನು ದಸರೆಯಿಂದ ಈಚೆಗೆ ಕಾಣಲಿಲ್ಲ. ವರ್ಗ ಆಯ್ತು ಅಂತ ಒಂದು ಮಾತಿಲ್ಲ, ರಜೆಗೆ ಹೋದ ಅಂತ ಒಂದು ಮಾತಿಲ್ಲ. ಮೂಟೆ ಹೊಲಿಯೋ ಜಾಗದಲ್ಲಿ ಮನುಷ್ಯರು ಹೀಗೆ ಕಾಣದೆ ಹೋಗ್ತಾರಾ?

ಇದೆಲ್ಲಕ್ಕಿಂತ ಹೆಚ್ಚಾಗಿ ನೀನು ಸಿಕ್ಕಿಬಿದ್ದಿದ್ದು ಒಂದು ಹಿಡಿ ಹುರಿಗಡಲೆಯಿಂದ. ಕಿವಿ ಕಟ್ಟಿಕೊಂಡಾಗ ಅಗಿಯೋಕೆ ಹುರಿಗಡಲೆ ಒಳ್ಳೇದು, ಒಂದು ಡಬ್ಬಿ ಕಳಿಸಿ ಅಂತ ಬರೆದೆಯಲ್ಲ, ಅದನ್ನ ಯಾರಿಗೆ ಬರೀತಿದ್ದೀನಿ ಅಂತ ಒಂದು ಗಳಿಗೆ ಯೋಚಿಸಬಾರದಾ? ಬೇರೆ ಯಾವ ಊರಿನ ಅಪ್ಪನಾಗಿದ್ದರೂ ಡಬ್ಬಿ ಕಳಿಸಿ ಸುಮ್ಮನಾಗ್ತಿದ್ದ. ಗಣಿಯ ಕೇಜಿನ ಕಬ್ಬಿಣದ ಪಂಜರದಲ್ಲಿ ನಿಂತು ಎರಡು ಸಾವಿರ ಅಡಿ ಒಂದೇ ಸಮ ಇಳಿದವನು ನಾನು. ಕಿವಿ ಹೇಗೆ ಕಟ್ಟುತ್ತೆ, ಎಂಜಲು ನುಂಗಿದರೆ ಹೇಗೆ ಬಿಡುತ್ತೆ, ಅದೂ ಆಗದಿದ್ದರೆ ಹುರಿಗಡಲೆ ಅಗಿದಾಗ ಒಳಗೆ ಹೇಗೆ ಟಪ್ ಅನ್ನುತ್ತೆ, ಮೂವತ್ತು ವರ್ಷ ನನ್ನ ಜೇಬಿನಲ್ಲಿ ಅದು ಇಲ್ಲದೆ ನಾನು ಇಳಿದಿಲ್ಲ. ಆ ಉಪಾಯ ನೀನು ಕಲಿತದ್ದೂ ಈ ಮನೆಯಲ್ಲೇ. ನೆಲದ ಮೇಲೆ ನಿಂತವನಿಗೆ ಕಿವಿ ಕಟ್ಟಲ್ಲ ಮಗನೇ. ಒಂದೋ ಇಳೀಬೇಕು, ಇಲ್ಲಾ ಏರಬೇಕು. ಅಲ್ಲಿ ಗಣಿ ಇಲ್ಲ.

ದೀಪಾವಳಿಗೆ ಕುಪ್ಪುಸ್ವಾಮಿ ರಜೆಗೆ ಬಂದಿದ್ದ. ನಾನೇ ಹೋಗಿ ಅವನ ಮನೆ ಜಗಲಿ ಮೇಲೆ ಕೂತೆ. ಆದಿ ಮೇಲೆ ಹೋಗ್ತಾನೇನೋ ಅಂದೆ. ಇಲ್ಲ ಮಾಮಾ, ಸತ್ಯಮಾ ಕೆಳಗೇ ಇರ್ತಾನೆ ಅಂದ. ಆ ಹುಡುಗ ಚಿಕ್ಕಂದಿನಿಂದ ಮಾತು ಮಾತಿಗೆ ಆಣೆ ಇಡೋನಲ್ಲ, ನಾನು ಕೇಳದೇ ಆಣೆ ಇಟ್ಟ. ಅಷ್ಟರಲ್ಲಿ ಬೆಂಗಳೂರು ಕಡೆಯಿಂದ ಒಂದು ವಿಮಾನ ಬಂತು. ಲೈನಿನ ಹೆಂಗಸರು ಮಕ್ಕಳು ಎಲ್ಲ ಹೊರಗೆ ಓಡಿ ಬಂದು ಕತ್ತೆತ್ತಿ ನೋಡಿದರು. ಕುಪ್ಪುಸ್ವಾಮಿ ಮೇಲೆ ನೋಡಲೇ ಇಲ್ಲ. ಎರಡು ಕಾಲೂ ಅಗಲಿಸಿ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡ್ಕೊಂಡು ನಿಂತ, ಸದ್ದು ಹೋಗೋವರೆಗೂ. ಅವರಪ್ಪ ಆರುಮುಗಂ ನನ್ನ ಮುಖ ನೋಡಿ, ಕಾಫಿ ಕುಡೀತೀಯಾ ಕೋದಂಡ ಅಂದ. ಮೂವತ್ತು ವರ್ಷದಲ್ಲಿ ಅವನು ನನ್ನನ್ನ ಕಾಫಿ ಕುಡೀತೀಯಾ ಅಂತ ಕೇಳಿದವನಲ್ಲ, ಸುಮ್ಮನೆ ತಂದು ಮುಂದಿಡೋನು. ಅದಕ್ಕೇ ಅವನ ನಗೆ ಈಗ ನನಗೆ ಹಿಡಿಸಲ್ಲ. ಈಚೆಗೆ ಯಾರನ್ನೂ ನಂಬೋಕಾಗ್ತಿಲ್ಲ. ಹೋದ ವಾರ ನಿನ್ನಮ್ಮ ಕೂಡ, ಬೇತಮಂಗಲದಲ್ಲಿ ಅವಳ ಅಕ್ಕನಿಗೆ, ಅದೇ ನಿನ್ನ ಪೆದ್ದಮ್ಮನಿಗೆ, ಮೈ ಸರಿ ಇಲ್ಲ ಅಂತ ಬಸ್ಸು ಹತ್ತಿ ಹೋಗಿ ಸಂಜೆಗೆ ಬಂದಳು, ಏನಾಗಿದೆ ಅಂದರೆ ಸರಿಯಾಗಿ ಹೇಳಲಿಲ್ಲ. ಪಾಪ, ಅಕ್ಕನ ಚಿಂತೆ ಅವಳಿಗೆ.

ಸುಳ್ಳಿನ ವಾಸನೆ ನನಗೆ ಹೇಗೆ ಹತ್ತುತ್ತೆ ಅಂತ ಕೇಳ್ತೀಯಾ? ನಾನೂ ಆ ಕಸುಬು ಮಾಡಿದವನೇ. ಇದನ್ನ ನಿನಗೆ ಯಾರೂ ಹೇಳಿಲ್ಲ. ಮದುವೆ ಆದ ಹೊಸತರಲ್ಲಿ, ಗಣಿಯೊಳಗೆ ಇಳಿಯಲ್ಲ ಅಂತ ನಾನೂ ನಿನ್ನಮ್ಮನಿಗೆ ಮಾತು ಕೊಟ್ಟಿದ್ದೆ. ಮೇಲೆ ಮರದ ಯಾರ್ಡಿನಲ್ಲಿ ಕೆಲಸ ಅಂತ ಹೇಳಿ ಆರು ವರ್ಷ ಒಳಗೆ ಇಳಿದೆ. ಮೇಲೆ ಬಂದವನು ನೇರ ಆರುಮುಗಂ ಮನೆಗೆ ಹೋಗಿ ಮೈ ತೊಳೆದು, ಅವನ ಮನೇಲಿಟ್ಟಿದ್ದ ಬೇರೆ ಬಟ್ಟೆ ಉಟ್ಟು, ತಲೆಗೆ ಒಂದು ಹಿಡಿ ಮರದ ಹೊಟ್ಟು ಉದುರಿಸಿಕೊಂಡು ಮನೆಗೆ ಬರ್ತಿದ್ದೆ. ನಗಬೇಡ. ನಿನಗೆ ನಾಲ್ಕು ವರ್ಷ ಇದ್ದಾಗ ಒಂದು ಮಧ್ಯಾಹ್ನ ಒಳಗೆ ಬಂಡೆ ಸಿಡೀತು. ಇಲ್ಲಿ ಮನೆಗಳ ನಾಗಂದಿಗೆ ಮೇಲಿನ ಪಾತ್ರೆಗಳೆಲ್ಲ ಕೆಳಕ್ಕೆ ಬಿದ್ದವಂತೆ. ಹೆಂಗಸರೆಲ್ಲ ಗಣಿಗೆ ಇಳಿಯೋ ಶಾಫ್ಟಿನ ಬಾಯಿಗೆ ಓಡಿದರು. ನಿನ್ನಮ್ಮ ಓಡಲಿಲ್ಲ, ಅವಳ ಗಂಡ ಮೇಲಿದ್ದಾನಲ್ಲ. ಬಿದ್ದ ಪಾತ್ರೆ ಎತ್ತಿಟ್ಟು, ನಿನ್ನನ್ನ ಸೊಂಟದ ಮೇಲೆ ಎತ್ತಿಕೊಂಡು, ಒಂದು ಕೊಡ ಮಜ್ಜಿಗೆ ಮಾಡಿ ಶಾಫ್ಟಿನ ಹತ್ತಿರ ಬಂದಳು, ಅಳ್ತಾ ನಿಂತಿದ್ದವರಿಗೆ ಕೊಟ್ಟಳು, ಆರುಮುಗಂ ಹೆಂಡತಿಯ ಬೆನ್ನು ನೀವುತ್ತಾ ಧೈರ್ಯ ಹೇಳ್ತಾ ನಿಂತಳು. ಮೊದಲ ಕೇಜು ಬಂತು, ಆರುಮುಗಂ ಬಂದ. ಎರಡನೇ ಕೇಜು ಬಂತು. ಅದರಿಂದ ನಾನು ಇಳಿದೆ. ಮೈಯೆಲ್ಲ ಬಂಡೆ ಪುಡಿ, ಹಣೆ ಒಡೆದಿತ್ತು. ನಿನ್ನಮ್ಮ ನನ್ನ ನೋಡಿದಳು. ಕೊಡದಲ್ಲಿ ಉಳಿದಿದ್ದ ಮಜ್ಜಿಗೇನ ಎಲ್ಲರಿಗೂ ಕೊಟ್ಟ ಹಾಗೆ ನನಗೂ ಒಂದು ಲೋಟ ಕೊಟ್ಟು ಮನೆಗೆ ಹೋದಳು. ಆಮೇಲೆ ಮೂರು ತಿಂಗಳು ಮಾತಿಲ್ಲ. ಊಟಕ್ಕೆ ಬಡಿಸೋಳು, ನಿನ್ನ ಕೈಲಿ ಹೇಳಿ ಕರೆಸೋಳು. ಮನಸ್ಸಲ್ಲಿ ಏನಿತ್ತು ಅಂತ ಇವತ್ತಿನವರೆಗೂ ಅವಳು ಹೇಳಿಲ್ಲ, ಕೇಳೋ ಧೈರ್ಯ ನನಗೂ ಆಗಲಿಲ್ಲ.

ಅದಕ್ಕೇ ಹೇಳ್ತೀನಿ ಆದಿ, ಇನ್ನೊಂದು ಸಲ ಹಾಗಾದರೆ ಅವಳು ತಡ್ಕೊಳ್ಳಲ್ಲ. ಅವಳಿಗೆ ಓದೋಕೆ ಬರಲ್ಲ ಅನ್ನೋದೇ ನನಗೆ ಪುಣ್ಯ ಆಗಿದೆ. ನಿನ್ನ ಕಾಗದ ಓದಿ ಹೇಳೋವಾಗ ಕಂಬಳಿ ಬಿಡ್ತೀನಿ, ಬೂಟು ಬಿಡ್ತೀನಿ, ಮೋಡ ಬಿಡ್ತೀನಿ. ಬಿಟ್ಟ ಕಡೆ ಖಾಲಿ ಉಳಿದರೆ ಅನುಮಾನ ಬರುತ್ತಲ್ಲ, ಅಲ್ಲಿ ನನ್ನದೇನಾದರೂ ತುಂಬ್ತೀನಿ. ನಿಮ್ಮ ಕ್ಯಾಂಪಿನ ಪಕ್ಕ ಒಂದು ಆಂಜನೇಯನ ಗುಡಿ ಇದೆ, ಶನಿವಾರ ಶನಿವಾರ ನೀನು ಅಲ್ಲಿಗೆ ಹೋಗ್ತೀಯ ಅಂತ ಒಂದು ಸಲ ಬಾಯಿಗೆ ಬಂದು ಓದಿಬಿಟ್ಟೆ. ಈಗ ಪ್ರತಿ ಕಾಗದಕ್ಕೂ ಆ ಗುಡಿ ಸುದ್ದಿ ಕೇಳ್ತಾಳೆ. ನಾನು ಗುಡಿಗೆ ಸುಣ್ಣ ಬಳಿಸಿದ್ದೀನಿ, ಪೂಜಾರಿಗೆ ಕಾಲುನೋವು ತರಿಸಿದ್ದೀನಿ. ಇದು ಎಷ್ಟು ದಿನ ನಡೆಯುತ್ತೆ ಹೇಳು. ಎಲೆ ಅಡಿಕೆ ಹಿಡಿದು ಚಿಕ್ಕವೆಂಕಟಪ್ಪನ ಮುಂದೆ ಮಾತ್ರ ನನ್ನ ಕೈಲಿ ಇಂಥ ಗುಡಿ ಕಟ್ಟೋಕಾಗಲ್ಲ. ಅಲ್ಲಿ ಒಬ್ಬ ಮಗಳು ಈಗಲೇ ಹಾಗೆ ಕೂತಿದ್ದಾಳೆ. ಇನ್ನೊಬ್ಬಳನ್ನ ನನ್ನ ಬಾಯಿಂದ ನಾನು ಅಲ್ಲಿ ಕೂರಿಸಲ್ಲ.

ನೀನು ಮಾಡಬೇಕಾದ್ದು ಇಷ್ಟೇ. ಈ ಕಾಗದ ಕೈಗೆ ಬಂದ ದಿನವೇ ಉತ್ತರ ಬರಿ, ಮಾರ್ಚಿ ಹದಿನಾರರೊಳಗೆ ನನಗೆ ತಲುಪಬೇಕು. ಮೇಲೆ ಹೋಗೋದು ನಿಜವಾದರೆ, ಹುರಿಗಡಲೆ ಇನ್ನೂ ಕಳಿಸಿ ಅಂತ ಬರಿ. ಸುಳ್ಳಾದರೆ, ಹುರಿಗಡಲೆ ಸಾಕು ಅಂತ ಬರಿ. ಸೆನ್ಸಾರ್ ಸ್ವಾಮಿಗಳು ಅದನ್ನ ಕತ್ತರಿಸೋಕೆ ಕಾರಣ ಇಲ್ಲ, ಹುರಿಗಡಲೆಯಿಂದ ಜಪಾನಿನವರಿಗೆ ಏನೂ ಗೊತ್ತಾಗಲ್ಲ. ಇನ್ನೂ ಬೇಕು ಅಂತ ಬಂದರೆ ನಾನೇ ಬೇತಮಂಗಲಕ್ಕೆ ಹೋಗಿ, ಈ ಸಂಬಂಧ ಬೇಡ ಅಂತ ಚಿಕ್ಕವೆಂಕಟಪ್ಪನಿಗೆ ಹೇಳಿ ಬರ್ತೀನಿ, ಕಾರಣ ಏನಾದರೂ ಕೊಡ್ತೀನಿ. ನಿನ್ನಮ್ಮನಿಗೆ ಏನು ಹೇಳಬೇಕೋ ಅದು ನನಗಿರಲಿ. ನಿನ್ನ ಮೇಲೆ ನನಗೆ ಕೋಪ ಇಲ್ಲ ಅಂತ ಬರೆದರೆ ಅದೂ ಒಂದು ಸುಳ್ಳಾಗುತ್ತೆ. ಬೇಕಾದಷ್ಟಿದೆ. ಆದರೆ ಶತ್ರುಗಳ ಸುತ್ತಿನಲ್ಲಿ ಸಿಕ್ಕಿ ಹಸಿದು ಕೂತವರಿಗೆ ಅನ್ನ ಒದ್ದು ಕೆಡವಿದ ಕಾಲು ಅವು, ಅದನ್ನ ನೆನೆದಾಗ ಎದೆ ಉಬ್ಬಿಬರುತ್ತೆ. ಯಾರ ಹತ್ತಿರಾನೂ ಹೇಳೋ ಹಾಗಿಲ್ಲ ನೋಡು, ಅದೇ ಸಂಕಟ.

ವಿಮಾನದ ಬಾಗಿಲ ಹತ್ತಿರ ಮಲಗೋವಾಗ ಸೊಂಟಕ್ಕೆ ಹಗ್ಗ ಕಟ್ಟಿಕೋ. ಹತ್ತದಿದ್ದರೆ ಈ ಮಾತು ಬಿಟ್ಟುಬಿಡು. ಮನೆದೇವರು ನಿನ್ನನ್ನ ಎಲ್ಲಿದ್ದರೂ ಕಾಯಲಿ. ಕುಪ್ಪುಸ್ವಾಮಿಗೂ ನನ್ನ ಆಶೀರ್ವಾದ ತಿಳಿಸು, ಅವನು ಸುಳ್ಳು ಹೇಳಿದ್ದಾನೆ ಅಂತ ನನಗೆ ಗೊತ್ತು ಅಂತಾನೂ ತಿಳಿಸು.

ಇಂತಿ, ನಿನ್ನ ದಾರಿ ಕಾಯ್ತಿರೋ
ನಿನ್ನಪ್ಪ
ಕೋದಂಡಪ್ಪ

ಮರೆತ ಮಾತು: ಮರೆತದ್ದಲ್ಲ, ಈಗ ಆದದ್ದು. ನಾಳೆ ಬೆಳಿಗ್ಗೆ ಅಂಚೆಗೆ ಹಾಕೋಣ ಅಂತ ಲಕೋಟೆಗೆ ಗೋಂದು ಹಚ್ತಿದ್ದೆ, ನಿನ್ನಮ್ಮ ಬಂದು ಎದುರಿಗೆ ಕೂತಳು. ಏನು ಬರೆದಿರಿ ಓದಿ ಅಂದಳು. ಹಸು ಕರು ಹಾಕಿದ್ದು, ರಾಗಿ ಕಣ ಆಗಿದ್ದು ಓದಿದೆ. ಬುಟ್ಟಿದ್ದನ್ನೂ ಓದಿ ಅಂದಳು. ಓದೋವಾಗ ಎಲ್ಲಿ ಬುಡ್ತೀರೋ ಅಲ್ಲಿ ಕೆಮ್ತೀರಿ, ಎಲ್ಡು ವರ್ಸದಿಂದ ನೋಡ್ತಾ ಇವ್ನಿ ಅಂದಳು. ಆದಿ, ಅವಳಿಗೆ ಎಲ್ಲ ಗೊತ್ತು ಕಣೋ. ದೀಪಾವಳಿ ದಿನ ನಾನು ಕುಪ್ಪುಸ್ವಾಮಿ ಜಗಲಿಯಿಂದ ಎದ್ದು ಬಂದ ಮೇಲೆ ಇವಳು ಕಜ್ಜಾಯ ತಗೊಂಡು ಹೋಗಿ ಕೇಳಿದ್ದಾಳೆ. ಆ ಹುಡುಗ ಅತ್ತು ಎಲ್ಲ ಹೇಳಿದ್ದಾನೆ, ತುಮಕೂರಿನವನ ವಿಷಯಾನೂ, ಮೀಸೆಯವನ ವಿಷಯಾನೂ. ಹೋದ ವಾರ ಬೇತಮಂಗಲಕ್ಕೆ ಹೋಗಿದ್ದು ಅಕ್ಕನ್ನ ನೋಡೋಕಲ್ಲ. ಚಿಕ್ಕವೆಂಕಟಪ್ಪನ ಮನೆಗೆ ಹೋಗಿ ಗಂಡ ಹೆಂಡತಿ ಮಗಳು ಮೂವರನ್ನೂ ಕೂರಿಸಿಕೊಂಡು, ನನ್ನ ಮಗ ಮೇಲೆ ಹೋಗ್ತಾನೆ, ಕೊಟ್ಟರೆ ತಿಳಿದು ಕೊಡಿ ಅಂದಿದ್ದಾಳೆ. ಚಿಕ್ಕವೆಂಕಟಪ್ಪ ರೇಗಿ ಎದ್ದು ಹೊರಟನಂತೆ. ಆ ಹುಡುಗಿ ಮುನಿರತ್ನಮ್ಮ, ಭಾವ ನೆಲದ ಮೇಲೇ ಇದ್ರಲ್ಲಪ್ಪಾ, ಅವರು ಬಂದ್ರಾ ಅಂತ ಕೇಳಿದಳಂತೆ. ಅದನ್ನ ಕೇಳಿ ಅವನು ಮತ್ತೆ ಬಂದು ಕೂತನಂತೆ. ಈಗ ಒಪ್ಪಿದ್ದಾನೆ. ಹದಿನಾರಕ್ಕೆ ತಾಂಬೂಲ ನಡೆಯುತ್ತೆ, ಎಲೆ ಹಿಡಿದು ಆ ಮಾತು ಕೊಡು ಅಂತ ಅವನು ಇನ್ನು ನನ್ನನ್ನ ಕೇಳಲ್ಲ. ನನಗೊಬ್ಬನಿಗೆ ಯಾಕೆ ಹೇಳಲಿಲ್ಲ ಅಂದೆ. ನೀವು ನಂಗೆ ಯೋಳಿದ್ರಾ ಅಂದಳು. ಆಮೇಲೆ ಪೆನ್ನು ಕೈಗೆ ಕೊಟ್ಟು ಒಂದಕ್ಷರ ಬಿಡದೆ ಬರೀರಿ ಅಂದಳು. ಅವಳ ಮಾತು ಇದು: ಮ್ಯಾಲೆ ಓಗು ಮಗಾ, ಬ್ಯಾಡ ಅನ್ನಲ್ಲ. ಆದ್ರೆ ಓಗ್ತೀನಿ ಅಂತ ಯೋಳಿ ಓಗು. ಆವತ್ತು ಶಾಫ್ಟಿನ್ತಾವ ಎಲ್ರೂ ಅವರವರ ಗಂಡಂದ್ರಿಗೆ ಅಂತ ಅಳ್ತಾ ನಿಂತಿದ್ರು, ನಿಮ್ಮಪ್ಪ ಬಂಡೆ ಕೆಳಗಿರೋವಾಗ ನಾನು ಮಜ್ಜಿಗೆ ಹಂಚ್ತಾ ನಿಂತಿದ್ನಲ್ಲಾ, ಆ ಪಾಪ ಆ ಹುಡುಗಿಗೆ ಬ್ಯಾಡ. ನಿನಗೋಸ್ಕರ ಹೆದರೋದು ಇನ್ಮ್ಯಾಲೆ ಅವಳ ಪಾಲು. ಅದನ್ನ ಕಿತ್ಕೋಬ್ಯಾಡ.